ಅಣ್ಣನ ರಕ್ತ, ತಮ್ಮನ ರಕ್ತ

ಫೋನು ಬಂದಾಗ ನಾನು ಹುಣಸೇಹಣ್ಣು ಕುಟ್ಟುತ್ತಿದ್ದೆ. ತುಮಕೂರಿನ ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ಗೋಣಿತಾಟು ಹಾಸಿಕೊಂಡು, ಮುಂದೆ ಒಂದು ಚಪ್ಪಟೆ ಕಲ್ಲು, ಕೈಯಲ್ಲಿ ಮರದ ಕೊಡತಿ. ಕಡಬದ ಹತ್ತಿರ ಮಾವನವರ ಕಾಲದ ತೆಂಗಿನ ತೋಟದ ಬದುವಿನಲ್ಲಿ ನಮ್ಮ ಹುಣಸೇಮರಗಳಿವೆ. ಅವುಗಳ ಹಣ್ಣು ವರ್ಷಾವರ್ಷ ಎರಡು ಪಾಲಾಗುತ್ತದೆ: ನಮಗೆ ಅರ್ಧ, ಕುಣಿಗಲ್ಲಿನಲ್ಲಿರುವ ನನ್ನ ಮೈದುನನ ಮನೆಗೆ ಅರ್ಧ. ಆ ವರ್ಷ ಕೊರೋನದ ಎರಡನೇ ಅಲೆ. ಪಾಲು ಮಾಡುವುದಕ್ಕೆ ಮುಂಚೆಯೇ ಅಣ್ಣತಮ್ಮ ಇಬ್ಬರೂ ಆಸ್ಪತ್ರೆ ಸೇರಿದ್ದರು.

ಇಬ್ಬರೂ ಒಂದೇ ದಿನ ಗುಬ್ಬಿಯಲ್ಲಿ ನೆಂಟರ ಮನೆಯ ತಿಥಿಗೆ ಹೋಗಿ ಬಂದವರು. ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ಜ್ವರವೂ ಜೊತೆಯಲ್ಲೇ ಬಂತು. ಕುಣಿಗಲ್ಲಿನಲ್ಲಿ ಬೆಡ್ ಸಿಗಲಿಲ್ಲ ಎಂದು ಮೈದುನನನ್ನೂ ತುಮಕೂರಿಗೇ ಕರೆತಂದರು. ಇಬ್ಬರಿಗೂ ಒಂದೇ ಆಸ್ಪತ್ರೆ, ಒಂದೇ ವಾರ್ಡು, ಅಕ್ಕಪಕ್ಕದ ಮಂಚ. ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಒಂದು ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಮಗಿಬ್ಬರಿಗೂ ಟೆಸ್ಟಿನಲ್ಲಿ ಏನೂ ಇರಲಿಲ್ಲ. ಅದೊಂದು ದೇವರ ದಯೆ.

ದೇವರ ದಯೆಯನ್ನು ಎಣಿಸುವುದು ನನ್ನ ಅಭ್ಯಾಸ. ಸಂಜೆ ದೀಪ ಹಚ್ಚಿದ ಮೇಲೆ ಬೆರಳ ಗೆಣ್ಣು ಮುಟ್ಟಿಕೊಂಡು ಅವತ್ತಿನದನ್ನು ದೇವರಿಗೆ ಒಪ್ಪಿಸುತ್ತೇನೆ. ನಲ್ಲೀಲಿ ನೀರು ಬಂತು, ಹಾಲು ಒಡೀಲಿಲ್ಲ, ಕಾಲು ಜಾರಿತು ಆದರೆ ಬೀಳಲಿಲ್ಲ, ಇಂಥವೇ. ಆಗಲೂ ಎಣಿಸುತ್ತಿದ್ದೆ. ಆದರೆ ಆ ದಿನಗಳಲ್ಲಿ ನನ್ನದು ಎಣಿಸಿ ಮುಗಿದ ಮೇಲೆ ಕೈ ಸುಮ್ಮನಿರುತ್ತಿರಲಿಲ್ಲ. ಇನ್ನೊಂದು ಕೈಯಲ್ಲಿ ವಾರಗಿತ್ತಿಯದನ್ನೂ ಎಣಿಸುತ್ತಿದ್ದೆ. ಅವಳಿಗೆ ದೇವರು ಏನೇನು ಕೊಟ್ಟ, ನನಗೆ ಏನೇನು ಕೊಡಲಿಲ್ಲ ಎಂದು.

ಫೋನು ಮಾಡಿದ್ದು ವಾರ್ಡಿನ ಲೇಡಿ ಡಾಕ್ಟರು. ಇಬ್ಬರಿಗೂ ಕೊಟ್ಟಿದ್ದು ನನ್ನ ನಂಬರೇ. ಕೈಯೆಲ್ಲ ಹುಣಸೆ ಅಂಟಾಗಿದ್ದರಿಂದ ವಾರಗಿತ್ತಿಯೇ ಫೋನನ್ನು ಒತ್ತಿ, ಸ್ಪೀಕರಿಗೆ ಹಾಕಿ, ನನ್ನ ಮುಂದೆ ಹಿಡಿದಳು.

"ಅಮ್ಮ, ಅಡ್ಮಿಟ್ ಆದೋರಿಗೆಲ್ಲ ನಾವು ಈಗ ಥೈರಾಯ್ಡ್ ಹಾರ್ಮೋನೂ ನೋಡ್ತಿದೀವಿ. ಖಾಯಿಲೆ ಎಷ್ಟು ಜೋರಾಗಿದೆ ಅನ್ನೋದಕ್ಕೂ ಅದಕ್ಕೂ ಏನೋ ಸಂಬಂಧ ಕಾಣ್ತಿದೆ. ನಿಮ್ಮ ಯಜಮಾನ್ರದ್ದು ಟಿ-ತ್ರೀ ಅನ್ನೋದು ತುಂಬಾ ಕಡಿಮೆ ಬಂದಿದೆ. ಉಸಿರಾಟವೂ ನೆನ್ನೆಗಿಂತ ಕಷ್ಟ ಆಗಿದೆ. ಆಕ್ಸಿಜನ್ ಜಾಸ್ತಿ ಬೇಕು, ಒಳಗಿನ ವಾರ್ಡಿಗೆ ಶಿಫ್ಟ್ ಮಾಡ್ತಿದೀವಿ."

ವಾರಗಿತ್ತಿ ಕೇಳಿದಳು, "ಮತ್ತೆ ನಮ್ಮೋರ್ದು ಡಾಕ್ಟ್ರೇ?"

"ತಮ್ಮಂದಾ? ಅವರದ್ದು ಸರಿಯಾಗಿದೆ. ಅವರು ಬೇಗ ಮನೆಗೆ ಬರಬಹುದು." ಹಿಂದಿನಿಂದ ಯಾರೋ ಕೂಗಿದರು. ಫೋನು ಕಟ್ಟಾಯಿತು.

ಅವಳು ಫೋನನ್ನು ಕಣ್ಣಿಗೆ ಒತ್ತಿಕೊಂಡು "ಶಿವನೇ" ಅಂದಳು. ಒಂದು ಕ್ಷಣ ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ "ಅಕ್ಕ, ಭಾವನೋರ್ಗೆ ಏನೂ ಆಗಲ್ಲ ಕಣಕ್ಕ" ಅಂದಳು. ಆ ಒಂದು ಕ್ಷಣವನ್ನು ನಾನು ನೋಡಿಬಿಟ್ಟಿದ್ದೆ. ಅವಳ ಮುಖದ ಮೇಲೆ ಬಂದು ಹೋದ ಆ ಸಮಾಧಾನ ಬೆಂಕಿ ಕೆಂಡದಂತೆ ನನ್ನ ಹೊಟ್ಟೆಯೊಳಗೆ ಬಿತ್ತು. ಒಂದೇ ತಾಯಿ ಹೆತ್ತ ಅಣ್ಣತಮ್ಮ, ಒಂದೇ ಎಲೆಸಾಲಿನ ಊಟ, ಒಂದೇ ದೇವರಿಗೆ ಒಂದೇ ದೀಪದಲ್ಲಿ ಎರಡು ಬತ್ತಿ ಹಾಕಿದ್ದೆವು. ಅವಳ ಗಂಡನ ರಕ್ತ ಸರಿ, ನನ್ನ ಗಂಡನ ರಕ್ತ ಕಮ್ಮಿ. ಅದು ಹೇಗೆ?

ಕೊಡತಿ ಎತ್ತಿ ಕುಟ್ಟಿದೆ. ಹಣ್ಣಿನ ಮೇಲೆ ಬೀಳಲಿಲ್ಲ, ಹೆಬ್ಬೆರಳ ಮೇಲೆ ಬಿತ್ತು.

ಈ ಹೊಟ್ಟೆಯುರಿ ಅವತ್ತು ಹುಟ್ಟಿದ್ದಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ನಾನು ಆ ಮನೆಗೆ ಹಿರೀ ಸೊಸೆಯಾಗಿ ಬಂದವಳು. ಅವಳು ಬಂದ ವಾರದಲ್ಲೇ ನಮ್ಮತ್ತೆ ಎಲ್ಲರ ಮುಂದೆ "ಈ ಹುಡುಗಿ ಕಟ್ಟಿದ ಮುದ್ದೆ ನೋಡ್ರೀ, ಕೈಗೇ ಅಂಟಲ್ಲ" ಅಂದುಬಿಟ್ಟರು. ಅಲ್ಲಿಯವರೆಗೆ ಅವರ ಕೈಗೆ ನನ್ನ ಮುದ್ದೆ ಅಂಟುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳ ಕೂದಲು, ಅವಳ ಸಾರು, ಅವಳ ನಗು. ಕೊನೆಗೆ ಅವಳಿಗೆ ಥೈರಾಯ್ಡ್ ಕಮ್ಮಿ ಎಂದು ಗೊತ್ತಾದಾಗ ಅದಕ್ಕೂ ನಾನು ಉರಿದುಕೊಂಡೆ. ಬೆಳಗ್ಗೆ ಎದ್ದ ತಕ್ಷಣ ಬರೀ ಹೊಟ್ಟೆಗೆ ಒಂದು ಚೂರು ಬಿಳೀ ಮಾತ್ರೆ ನುಂಗಬೇಕು, ಸ್ವಲ್ಪ ಹೊತ್ತು ಏನೂ ತಿನ್ನಕೂಡದು. ಹಬ್ಬಕ್ಕೆ ಎಲ್ಲ ಕಡಬದ ಮನೆಯಲ್ಲಿ ಸೇರಿದಾಗ ನಮ್ಮತ್ತೆ ಅವಳಿಗೋಸ್ಕರ ಮತ್ತೆ ಬೇರೆಯಾಗಿ ಕಾಫಿ ಕಾಸುತ್ತಿದ್ದರು. ನಾವೆಲ್ಲ ಮೊದಲ ಸಲ ಕಾಸಿದ್ದನ್ನು ಆರಿದ ಮೇಲೆ ಕುಡಿಯುವುದು, ಅವಳಿಗೆ ಬಿಸಿಬಿಸಿಯದ್ದು. ನಮ್ಮತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಕಾಫಿ ಲೋಟದ ಹಬೆ ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ.

ಡಾಕ್ಟರು ಹೇಳಿದ ಹಾಗೇ ಆಯಿತು. ಮೈದುನನನ್ನು ಡಿಸ್ಚಾರ್ಜ್ ಮಾಡಿದರು. ಇನ್ನೂ ಕೆಲವು ದಿನ ಬೇರೆ ಇರಬೇಕು ಎಂದು ನಮ್ಮ ಮಹಡಿ ಮೇಲಿನ ರೂಮಿನಲ್ಲೇ ಇಟ್ಟೆವು. ನನ್ನ ಗಂಡ ಒಳಗಿನ ವಾರ್ಡಿನಲ್ಲಿ, ಮುಖದ ತುಂಬ ಮಾಸ್ಕು ಕಟ್ಟಿಸಿಕೊಂಡು, ಬೋರಲು ಮಲಗಿದ್ದರು. ದಿನಕ್ಕೊಂದು ಸಲ ನರ್ಸು ವಿಡಿಯೋ ಕಾಲ್ ಮಾಡಿಸುತ್ತಿದ್ದಳು. ಮಾತಾಡುವ ಹಾಗಿಲ್ಲ. ಕೈಯೆತ್ತಿ ತೋರಿಸುವರು, ಅಷ್ಟೇ. ಆ ಕೈ ಇವತ್ತು ನೆನ್ನೆಗಿಂತ ಮೇಲೆ ಎದ್ದಿತೋ ಕೆಳಗೇ ಉಳಿಯಿತೋ ಎಂದು ನಾನು ದಿನವೆಲ್ಲ ಯೋಚಿಸುತ್ತಿದ್ದೆ.

ಮಹಡಿಯಿಂದ ಮೈದುನನ ದನಿ ಬರುತ್ತಿತ್ತು. "ಅತ್ಗೇ, ಇವತ್ತಿನ ಬಸ್ಸಾರು ಭಾರೀ ಚೆನ್ನಾಗಿತ್ತು. ಇನ್ನೊಂದ್ ಸ್ವಲ್ಪ ಐತಾ?"

ಪಾಪ, ಅವನ ತಪ್ಪೇನಿದೆ? ಬದುಕಿ ಬಂದ ಬಾಯಿಗೆ ರುಚಿ ಮರಳಿತ್ತು. ಆದರೆ ಆ ದನಿ ಕೇಳಿದಾಗಲೆಲ್ಲ, ಇಷ್ಟು ಗಟ್ಟಿ ಉಸಿರು ಇವನೊಬ್ಬನಿಗೇ ಯಾಕೆ ಬೇಕಿತ್ತು, ಅರ್ಧ ಅಣ್ಣನಿಗೆ ಕೊಡಬಾರದಿತ್ತೇ ಅನ್ನಿಸುತ್ತಿತ್ತು. ಹುಣಸೇಹಣ್ಣನ್ನೇ ಪಾಲು ಮಾಡುತ್ತೇವೆ, ಉಸಿರನ್ನು ಮಾಡಲಾಗದೇ?

ಆಸ್ಪತ್ರೆಗೆ ಊಟದ ಕ್ಯಾರಿಯರ್ ಕಳಿಸಬಹುದಿತ್ತು. ಗೇಟಿನಲ್ಲಿ ಕೊಟ್ಟರೆ ಒಳಗೆ ತಲುಪಿಸುತ್ತಿದ್ದರು. ಅವರು ತಿನ್ನುತ್ತಿದ್ದುದು ಎರಡು ಚಮಚ ಗಂಜಿ. ಆದರೂ ಕಳಿಸುವುದೇ ಒಂದು ಧೈರ್ಯ. ಬೆಳಗಿನ ಪೂಜೆ ಆದ ಮೇಲೆ ದೇವರ ಮುಂದೆ ಇಟ್ಟ ಕಲ್ಲುಸಕ್ಕರೆಯನ್ನು ಒಂದು ಕಾಗದದಲ್ಲಿ ಮಡಿಸಿ, ಪೊಟ್ಟಣ ಕಟ್ಟಿ, ಕ್ಯಾರಿಯರಿನ ಮೇಲಿನ ಡಬ್ಬಿಗೆ ಹಾಕುತ್ತಿದ್ದೆ. ದೇವಸ್ಥಾನಗಳಿಗೆಲ್ಲ ಬೀಗ. ಮನೆದೇವರ ಫೋಟೋ ಒಂದೇ ಗತಿ. ಕ್ಯಾರಿಯರನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕುವುದು ವಾರಗಿತ್ತಿಯ ಕೆಲಸ. ಅವಳು ಹಾಕಿದ ಗಂಟು ಸಡಿಲವಾಗುತ್ತಿರಲಿಲ್ಲ. ಅದನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ ಅನ್ನಿ.

ನಮ್ಮ ಯಜಮಾನರಿಗೆ ದೇವರು ಅಂದರೆ ಅಷ್ಟಕ್ಕಷ್ಟೇ. ಮದುವೆಯಾದಾಗಿಂದ ನಾನು ಕೊಟ್ಟ ಪ್ರಸಾದವನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋಗುವರು. ಒಗೆಯುವಾಗ ನನಗೇ ಸಿಗುವುದು, ನೀರಲ್ಲಿ ನೆಂದು ಮುದ್ದೆಯಾಗಿ. "ನಿಮ್ಮ ಜೇಬಿಗೇ ಮೋಕ್ಷ ಸಿಗೋದು ಕಣ್ರೀ, ನಿಮಗಲ್ಲ" ಎಂದು ಬೈಯುತ್ತಿದ್ದೆ. ಆಸ್ಪತ್ರೆಯಲ್ಲಾದರೂ ತಿನ್ನಲಿ ಎಂದು ನರ್ಸಿಗೆ ಫೋನಲ್ಲಿ ಹೇಳಿದೆ. "ಕೊಡ್ತೀನಮ್ಮ, ಅವರು ಇಸ್ಕೊಂಡು ದಿಂಬಿನ ಪಕ್ಕ ಇಟ್ಕೊಳ್ತಾರೆ" ಅಂದಳು.

ಇತ್ತ ಮನೆಯಲ್ಲಿ ನನ್ನ ವಾರಗಿತ್ತಿ ಬದಲಾಗುತ್ತಿದ್ದಳು. ಬಂದಾಗ ನನಗಿಂತ ಮೊದಲೇ ಎದ್ದು ಅಂಗಳಕ್ಕೆ ನೀರು ಹಾಕುತ್ತಿದ್ದವಳು, ಗಂಡ ಮಹಡಿಗೆ ಬಂದ ಮೇಲೆ ಬಿಸಿಲು ಏರಿದರೂ ಏಳದಾದಳು. ಎದ್ದರೂ ಒಂದು ಲೋಟ ಎತ್ತಿಡುವುದಕ್ಕೆ ಗೋಡೆ ಹಿಡಿಯುವಳು. ಹುಣಸೇಹಣ್ಣಿನ ನಾರು ಬಿಡಿಸುತ್ತಾ ಕೂತಲ್ಲೇ ತೂಕಡಿಸುವಳು. ಮುಖ ಉಬ್ಬಿದ ಹಾಗಾಗಿತ್ತು. ಒಳ್ಳೆ ನಿದ್ದೆಯ ಮುಖ, ಅಂದುಕೊಂಡೆ. ಬೇಸಿಗೆಯಲ್ಲೂ ಶಾಲು ಹೊದ್ದುಕೊಳ್ಳುವಳು. ಗಂಡ ಬದುಕಿ ಬಂದ ಹೆಂಗಸಿಗೆ ಇನ್ನೇನು ಚಿಂತೆ, ನಿದ್ದೆ ಬಾರದೆ ಇರುತ್ತದೆಯೇ? ನಾನು ಹಾಸಿಗೆ ಮೇಲೆ ಬಿದ್ದರೆ ಕಣ್ಣಿಗೆ ನಮ್ಮ ಯಜಮಾನರ ಮುಖದ ಮಾಸ್ಕೇ ಬರುತ್ತಿತ್ತು. ಅವಳ ಗೊರಕೆ ಕೇಳಿಸುತ್ತಿತ್ತು.

ಒಂದು ಬೆಳಗ್ಗೆ ತಡೆಯಲಾಗಲಿಲ್ಲ. ಅವಳು ಎದ್ದು ಬಂದು ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನಮ್ಮ, ಕುಣಿಗಲ್ ಫಾರಂನ ಕುದುರೆ ಥರ ಓಡಾಡ್ತಿದ್ದೋಳು, ಈಗ ಕಟ್ಟಿಹಾಕಿದ ಎಮ್ಮೆ ಆಗ್ಬುಟ್ಟಿದೀಯಲ್ಲ" ಅಂದೆ.

ಅವಳು ನಕ್ಕಳು. "ಯಾಕೋ ಕಾಲು ಎಳೀತಾವೆ ಕಣಕ್ಕ."

"ಎಳೀತಾವೆ, ಎಳೀತಾವೆ. ಮಹಡಿ ಮೇಲೆ ಗಂಡ ಕೂತವ್ನಲ್ಲ, ಮನೆ ಕಡೆ ಎಳೀತಾ ಇರ್ಬೇಕು. ಹೋಗೋದಾದ್ರೆ ಹೋಗಮ್ಮ, ನಿಂಗೇನು ಇಲ್ಲಿ ಕೆಲ್ಸ?"

"ಭಾವನೋರು ಬರ್ಲಿ ಬುಡಕ್ಕ. ಅವರನ್ನ ನೋಡ್ದೇ ಹೋಗಲ್ಲ."

ಅದಕ್ಕೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಂಗೇನು, ನಿಮ್ಮೋರ್ದು ನಂಬರು ಸರಿ ಇತ್ತು. ಸರಿ ಇದ್ದೋರು ಏನ್ ಬೇಕಾದ್ರೂ ಮಾತಾಡ್ಬೋದು."

ಅವಳು ಪೊರಕೆ ತೆಗೆದುಕೊಂಡು ಹಿತ್ತಲು ಗುಡಿಸುವುದಕ್ಕೆ ಹೋದಳು. ಅರ್ಧ ಗುಡಿಸಿ ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟಳು. ಉಳಿದರ್ಧ ನಾನು ಗುಡಿಸಿದೆ, ಬೇಕಂತಲೇ ಜೋರಾಗಿ ಸದ್ದು ಮಾಡಿಕೊಂಡು.

ಡಾಕ್ಟರ ಎರಡನೇ ಫೋನು ಬಂದದ್ದು ಅದಾದ ಮಾರನೇ ದಿನವೋ ಅದರ ಮಾರನೇ ದಿನವೋ. ನಾನು ಕ್ಯಾರಿಯರಿನ ಡಬ್ಬಿಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದೆ. ಅವರ ದನಿಯಲ್ಲಿ ಕೋಪ ಇತ್ತು.

"ಅಮ್ಮ, ಕಲ್ಲುಸಕ್ಕರೆ ಪೊಟ್ಟಣ ಕಳಿಸೋದು ನೀವಾ?"

"ಹೌದು ಡಾಕ್ಟ್ರೇ, ದೇವ್ರ ಪ್ರಸಾದ."

"ಪ್ರಸಾದದಲ್ಲಿ ಥೈರಾಯ್ಡ್ ಮಾತ್ರೆ ಯಾಕಿದೆ?"

ನನಗೆ ಅರ್ಥವಾಗಲಿಲ್ಲ. ಯಾವ ಮಾತ್ರೆ, ಯಾರ ಮಾತ್ರೆ? ಅವರೇ ಬಿಡಿಸಿ ಹೇಳಿದರು. ಬೆಡ್‌ಶೀಟ್ ಬದಲಾಯಿಸುವಾಗ ದಿಂಬಿನ ಕೆಳಗೆ ಪೊಟ್ಟಣಗಳ ರಾಶಿಯೇ ಸಿಕ್ಕಿತಂತೆ. ನರ್ಸು ಒಂದನ್ನು ಬಿಚ್ಚಿದರೆ ಕಲ್ಲುಸಕ್ಕರೆ ಹರಳಿನ ನಡುವೆ ಒಂದು ಸಣ್ಣ ಬಿಳೀ ಮಾತ್ರೆ. ಇನ್ನೊಂದು ಬಿಚ್ಚಿದರೆ ಅದರಲ್ಲೂ ಒಂದು. ಮಾತ್ರೆ ಮೇಲಿನ ಗುರುತು ನೋಡಿ ಯಾವುದೆಂದು ಗೊತ್ತಾಯಿತಂತೆ.

"ಯಾರು ಹೇಳಿದ್ರು ನಿಮಗೆ ಇದನ್ನ ಕೊಡೋಕೆ? ನಿಮ್ಮ ಯಜಮಾನ್ರ ಥೈರಾಯ್ಡ್ ಚೆನ್ನಾಗೇ ಇದೆ. ಇಷ್ಟು ಜೋರಾಗಿ ಖಾಯಿಲೆ ಬಂದಾಗ ದೇಹ ತಾನೇ ಆ ಹಾರ್ಮೋನನ್ನ ಇಳಿಸ್ಕೊಳ್ಳುತ್ತೆ. ಸಿಲಿಂಡರ್ ಖಾಲಿ ಆಗೋಕೆ ಬಂದಾಗ ನೀವು ಒಲೆ ಸಿಮ್ಮಲ್ಲಿ ಇಡಲ್ವಾ, ಹಾಗೆ. ನಂಬರು ಕಮ್ಮಿ ಅಂತ ಖಾಯಿಲೆ ಜಾಸ್ತಿ ಆಗಿದ್ದಲ್ಲಮ್ಮ, ಖಾಯಿಲೆ ಜಾಸ್ತಿ ಅಂತ ನಂಬರು ಕಮ್ಮಿ ಆಗಿರೋದು. ಖಾಯಿಲೆ ಇಳಿದ್ರೆ ಅದು ತಾನೇ ಏರುತ್ತೆ. ಈಗ ಹೊರಗಿಂದ ಮಾತ್ರೆ ಹಾಕಿ ಉರಿ ಜೋರು ಮಾಡಿದ್ರೆ ಹೃದಯ ತಡ್ಕೊಳ್ಳುತ್ತಾ?"

"ಅವ್ರು ತಿಂದ್ರಾ ಡಾಕ್ಟ್ರೇ?" ಅಷ್ಟೇ ನನ್ನ ಬಾಯಿಂದ ಬಂದದ್ದು.

"ಇಲ್ಲ. ಒಂದೂ ಬಿಚ್ಚಿಲ್ಲ. ನಿಮ್ಮ ಪುಣ್ಯ. ಕಲ್ಲುಸಕ್ಕರೇನೂ ಕಳಿಸ್ಬೇಡಿ, ಸ್ಟೀರಾಯ್ಡ್ ಕೊಡ್ತಿದೀವಿ, ಶುಗರ್ ಏರ್ತಿದೆ."

ಡಬ್ಬಿ ಕೈಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ. ಇಷ್ಟು ವರ್ಷ ಯಾವ ಗಂಡನಿಗೆ ಭಕ್ತಿ ಕೊಡಪ್ಪ ಎಂದು ಬೇಡಿಕೊಂಡೆನೋ, ಅದೇ ಗಂಡನಿಗೆ ಭಕ್ತಿ ಕೊಡದೆ ಇದ್ದದ್ದಕ್ಕೆ ದೇವರಿಗೆ ಕೈ ಮುಗಿದೆ. ಇದನ್ನು ಯಾವ ಗೆಣ್ಣಿಗೆ ಎಣಿಸಬೇಕು ಎಂದು ತಿಳಿಯಲಿಲ್ಲ. ಆದರೂ ಎಣಿಸಿದೆ.

ಆಮೇಲೆ ಕೋಪ ಬಂತು. ಪೊಟ್ಟಣ ಕಟ್ಟುವವಳು ನಾನು. ಕ್ಯಾರಿಯರ್ ಗಂಟು ಹಾಕುವವಳು ಅವಳು. ಥೈರಾಯ್ಡ್ ಮಾತ್ರೆ ಈ ಮನೆಯಲ್ಲಿ ಇರುವುದು ಒಬ್ಬಳ ಹತ್ತಿರ.

ಅವಳು ಒಳಮನೆಯಲ್ಲಿ ಚಾಪೆ ಮೇಲೆ ಕೂತು, ಶಾಲು ಹೊದ್ದು, ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಏನೇ ಹಾಕ್ದೆ ನೀನು ದೇವ್ರ ಪ್ರಸಾದಕ್ಕೆ?"

ಅವಳ ಕೈ ನಿಂತಿತು. ಸುಳ್ಳು ಹೇಳಲಿಲ್ಲ. "ಮಾತ್ರೆ ಹಾಕ್ದೆ ಕಣಕ್ಕ."

"ನನ್ನ ಗಂಡನ್ನ ಏನ್ ಮಾಡ್ಬೇಕು ಅಂತಿದ್ದೆ?"

"ಅಯ್ಯೋ, ಯಾಕಕ್ಕ ಹಂಗಂತೀಯ? ಭಾವನೋರ್ಗೆ ಥೈರಾಯ್ಡ್ ಕಮ್ಮಿ ಅಂತ ಅವತ್ತು ಫೋನಲ್ಲಿ ಅಂದ್ರಲ್ಲ. ನಂಗೂ ಕಮ್ಮಿ ಅಂತಲೇ ತಾನೇ ಕುಣಿಗಲ್ ಡಾಕ್ಟ್ರು ಇದನ್ನ ಕೊಟ್ಟಿದ್ದು? ನುಂಗಿದ್ ಮೇಲೆ ನಂದು ಸರಿ ಆಯ್ತು. ಅವರ್ದೂ ಆಗ್ಲಿ ಅಂತ. ಆಸ್ಪತ್ರೇಲಿ ಅಷ್ಟ್ ಜನದಲ್ಲಿ ಅವ್ರಿಗೆ ಯಾರು ಕೊಡ್ತಾರೆ? ಪ್ರಸಾದ ಅಂದ್ರೆ ಬೇಡ ಅನ್ನಲ್ಲ ಅಂದ್ಕೊಂಡೆ."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಸಿಲಿಂಡರು, ಒಲೆ, ಹೃದಯ ಎಲ್ಲ. ಅವಳ ಮುಖ ಬೂದಿಯ ಹಾಗಾಯಿತು. "ತಿಂದ್ರಾ?" ಅವಳೂ ಅದನ್ನೇ ಕೇಳಿದಳು, ನಾನು ಕೇಳಿದ ಹಾಗೇ. ಇಲ್ಲ ಅಂದ ಮೇಲೆ ಬೆಳ್ಳುಳ್ಳಿ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಆಗ ನನಗೆ ಹೊಳೆಯಿತು. "ದಿನಾ ಒಂದೊಂದು ಹಾಕಿದ್ರೆ, ನಿಂಗೆ?"

ಅವಳು ಬೆಳ್ಳುಳ್ಳಿ ಸಿಪ್ಪೆಯನ್ನು ಒಂದು ಕಡೆ ಒಟ್ಟು ಮಾಡತೊಡಗಿದಳು.

"ಕೇಳ್ತಾ ಇರೋದು ನಿನ್ನೇ. ನೀನು ಏನ್ ನುಂಗ್ದೆ?"

"ಇದ್ದಿದ್ದೇ ಒಂದು ಶೀಟು ಕಣಕ್ಕ. ಈ ಬೀದಿ ಮೆಡಿಕಲ್ ಸ್ಟೋರಲ್ಲಿ ಕೇಳ್ದೆ, ಲಾಕ್‌ಡೌನು, ಸ್ಟಾಕ್ ಬಂದಿಲ್ಲ ಅಂದ್ರು. ನಂಗೇನ್ ಬುಡು, ಮನೇಲಿ ಓಡಾಡ್ಕೊಂಡಿರೋಳು. ಅವರು ಮಾಸ್ಕ್ ಹಾಕ್ಕೊಂಡ್ ಮಲಗವ್ರೆ."

ಉಬ್ಬಿದ ಮುಖ, ಎಳೆಯುವ ಕಾಲು, ಬೇಸಿಗೆಯ ಶಾಲು, ಕೂತಲ್ಲೇ ಬರುವ ನಿದ್ದೆ. ಗಂಡ ಬದುಕಿದ ಸುಖ ಎಂದು ನಾನು ಎಣಿಸಿಟ್ಟುಕೊಂಡದ್ದೆಲ್ಲ ಮಾತ್ರೆ ನುಂಗದೆ ಇದ್ದದ್ದರ ಫಲವಾಗಿತ್ತು.

"ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

ಅವಳು ಮುಖ ಎತ್ತಿ ನೋಡಿದಳು. ಕಣ್ಣು ಬೆಳ್ಳುಳ್ಳಿ ಘಾಟಿಗೋ ಏನೋ ಕೆಂಪಾಗಿತ್ತು. "ಹೇಳಿದ್ರೆ ನೀನು ಬೇಡ ಅಂತಿದ್ದೆ. ನನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳೋಕೂ ನಿಂಗೆ ಆಗಲ್ವಲ್ಲಕ್ಕ. ಗೊತ್ತಿಲ್ವಾ ನಂಗೆ?"

ಅವಳಿಗೆ ಗೊತ್ತಿತ್ತು. ಮುದ್ದೆಯ ಕಾಲದಿಂದಲೂ ಗೊತ್ತಿತ್ತೇನೋ. ಗೊತ್ತಿದ್ದೂ "ಅಕ್ಕ, ಅಕ್ಕ" ಅನ್ನುತ್ತಿದ್ದಳು.

ನನ್ನ ಕಣ್ಣಲ್ಲಿ ನೀರು ಬಂತು, ಅವಳನ್ನು ತಬ್ಬಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಆಗಿದ್ದು ಇಷ್ಟು: ಹೊಟ್ಟೆಯಲ್ಲಿದ್ದ ಕೆಂಡ ಒಂದು ಕಡೆಯಿಂದ ಆರಿ ಇನ್ನೊಂದು ಕಡೆಯಿಂದ ಹೊತ್ತಿಕೊಂಡಿತು. ನನ್ನ ಗಂಡನಿಗೋಸ್ಕರ ನಾನು ದೀಪ ಹಚ್ಚಿದೆ, ಕಣ್ಣೀರು ಹಾಕಿದೆ, ಎಣಿಸಿದೆ, ಅವರಿವರಿಗೆ ಚುಚ್ಚಿದೆ. ಮೈಯಲ್ಲಿನ ಶಕ್ತಿ ತೆಗೆದು ಪೊಟ್ಟಣ ಕಟ್ಟಿದವಳು ಇವಳು. ತಪ್ಪೇ ಇರಲಿ, ಅಪಾಯವೇ ಇರಲಿ, ಕೊಡುವ ಬುದ್ಧಿ ನನಗೆ ಬಾರದೆ ಇವಳಿಗೇ ಯಾಕೆ ಬಂತು? ಅದಕ್ಕೂ ಹೊಟ್ಟೆ ಉರಿಯಿತು. ಇವತ್ತಿಗೂ ನೆನೆಸಿಕೊಂಡರೆ ಉರಿಯುತ್ತದೆ.

ಮಾರನೇ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ, ಅವಳ ಖಾಲಿ ಶೀಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಎರಡು ಮಾಸ್ಕು ಹಾಕಿಕೊಂಡು ಹೊರಟೆ. ನಮ್ಮ ಬೀದಿಯಲ್ಲಿ ಇಲ್ಲ. ಮುಖ್ಯರಸ್ತೆಯಲ್ಲಿ ಇಲ್ಲ. ಬಸ್‌ಸ್ಟ್ಯಾಂಡ್ ಕಡೆ ಇದ್ದ ಒಂದರಲ್ಲಿ "ಆ ಪವರ್ ಇಲ್ಲಮ್ಮ, ಬೇರೆ ಪವರ್ ಇದೆ" ಅಂದ. ಬೇರೆಯದು ಬೇಡ ಅಂದೆ. ಪೊಲೀಸರು ಒಂದು ಕಡೆ ತಡೆದರು. ಶೀಟು ತೋರಿಸಿದೆ, ಬಿಟ್ಟರು. ಕೊನೆಗೆ ಮಾರ್ಕೆಟ್ಟಿನ ಹಿಂದಿನ ಒಂದು ಚಿಕ್ಕ ಅಂಗಡಿಯಲ್ಲಿ, ಕನ್ನಡಕದ ಮುದುಕರು ಮೇಲಿನ ಕಪಾಟಿಗೆ ಸ್ಟೂಲು ಹಾಕಿ ಹತ್ತಿ, ಧೂಳು ಒರೆಸಿ, ಅದೇ ಹೆಸರಿನದ್ದು, ಅದೇ ಪವರಿನದ್ದು ಇಳಿಸಿದರು. "ನಿಮಗಾ?" ಅಂದರು. "ನನ್ನ ತಂಗಿಗೆ" ಅಂದೆ. ವಾರಗಿತ್ತಿ ಅನ್ನುವುದಕ್ಕೆ ಬಂದ ನಾಲಗೆ ಅದು ಹೇಗೆ ತಿರುಗಿತೋ ಗೊತ್ತಿಲ್ಲ.

ಆವತ್ತು ತಿಂಡಿ ಆಗಿಹೋಗಿತ್ತು. ಅದರ ಮಾರನೇ ಬೆಳಗ್ಗೆ ನಾನೇ ಅವಳನ್ನು ಎಬ್ಬಿಸಿ, ಮಾತ್ರೆ ಕೈಗೆ ಕೊಟ್ಟು, ನೀರಿನ ಲೋಟ ಹಿಡಿದು ನಿಂತೆ.

"ನುಂಗು."

ನುಂಗಿದಳು.

"ಬಾಯಿ ತೆಗಿ, ನೋಡೋಣ."

"ಏನಕ್ಕ, ಕರುಗೆ ಔಷಧಿ ಕುಡ್ಸಿದಂಗೆ!"

"ನಿನ್ನ ನಂಬಲ್ಲ ನಾನು. ನಾಲ್ಗೆ ಕೆಳಗಿಟ್ಕೊಂಡು ಇನ್ಯಾರ್ ಪ್ರಸಾದಕ್ಕೆ ಹಾಕ್ತೀಯೋ."

ಸ್ವಲ್ಪ ಹೊತ್ತು ಬಿಟ್ಟು ಅವಳಿಗೆ ಬೇರೆಯಾಗಿ ಕಾಫಿ ಕಾಸಿದೆ. ಆರಿದ್ದನ್ನು ಬಿಸಿ ಮಾಡಿ ಕೊಡೋಣ ಎಂದು ಒಂದು ಸಲ ಅನ್ನಿಸಿದ್ದು ನಿಜ. ಆದರೆ ನಮ್ಮತ್ತೆ ಮಾಡುತ್ತಿದ್ದ ಹಾಗೆ ಹೊಸದಾಗಿಯೇ ಮಾಡಿದೆ.

ಅಲ್ಲಿ ಒಳವಾರ್ಡಿನಲ್ಲಿ ನನ್ನ ಗಂಡನ ಕೈ ದಿನದಿನಕ್ಕೆ ಸ್ವಲ್ಪಸ್ವಲ್ಪ ಮೇಲೆ ಏಳುತ್ತಿತ್ತು. ಒಂದು ದಿನ ಬೋರಲು ಬಿಟ್ಟು ಅಂಗಾತ ಮಲಗಿದ್ದರು. ಇನ್ನೊಂದು ದಿನ ದೊಡ್ಡ ಮಾಸ್ಕು ಹೋಗಿ ಮೂಗಿಗೆ ಸಣ್ಣ ಕೊಳವೆ ಬಂದಿತ್ತು. ಮೊದಲ ಸಲ ಮಾತಾಡಿದಾಗ ಹೇಳಿದ್ದು, "ಲೇ, ನಿನ್ನ ದೇವ್ರು ನನ್ನ ದಿಂಬನ್ನ ಇರುವೆ ಗೂಡು ಮಾಡ್ಬುಟ್ಟ." ಆ ದನಿ ಬಿರುಕುಬಿಟ್ಟ ಕೊಳಲಿನ ಹಾಗೆ ಅರ್ಧ ಗಾಳಿ, ಅರ್ಧ ಸದ್ದು. ನನಗೆ ಸಾಕಾಗಿತ್ತು. ಪಕ್ಕದಲ್ಲಿ ನಿಂತು ಇಣುಕಿ ನೋಡುತ್ತಿದ್ದ ವಾರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳೇ ನನಗಿಂತ ಮೊದಲು ಅತ್ತಳಲ್ಲ ಎಂದು ನನಗೆ ಸ್ವಲ್ಪ ಬೇಜಾರೂ ಆಯಿತು.

ಅವರು ಮನೆಗೆ ಬಂದ ದಿನ ಆರತಿ ಎತ್ತಿ ಒಳಗೆ ಕರೆದುಕೊಂಡೆವು. ನಡುಮನೆಯವರೆಗೆ ನಡೆದು ಬರುವಷ್ಟರಲ್ಲಿ ಎರಡು ಕಡೆ ನಿಂತರು. ಬಟ್ಟೆ ಮೊಳೆಗೆ ನೇತುಹಾಕಿದಂತೆ ಅಂಗಿ ಮೈಮೇಲೆ ತೂಗುತ್ತಿತ್ತು. ಮೈದುನ ಮಹಡಿಯಿಂದ ಇಳಿದು ಬಂದು ಬಾಗಿಲ ಆಚೆ ನಿಂತು "ಏನಣ್ಣ, ಅರ್ಧ ಆಗ್ಬುಟ್ಟಿದೀಯ!" ಅಂದ. ಇವರು "ಉಳಿದರ್ಧ ನೀನು ತಿಂದ್ಕೊಂಡು ಕೂತಿದೀಯಲ್ಲೋ" ಅಂದರು. ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ಅವರ ಬಾಯಲ್ಲಿ ತಮಾಷೆಯಾಗಿ ಬಂತು.

ಅವರನ್ನು ಮಲಗಿಸಿ, ಬಾಗಿಲು ಮುಂದೆಳೆದು, ನಾವಿಬ್ಬರೂ ಹಿತ್ತಲ ಜಗಲಿಗೆ ಹೋದೆವು. ಮಾರನೇ ದಿನ ಅವಳೂ ಮೈದುನನೂ ಕುಣಿಗಲ್ಲಿಗೆ ಹೊರಡುವವರು. ಹುಣಸೇಹಣ್ಣು ಪಾಲು ಮಾಡಿ, ಉಪ್ಪು ಬೆರೆಸಿ, ಜಾಡಿಗೆ ತುಂಬಬೇಕಿತ್ತು. ಅಷ್ಟು ಹೊತ್ತಿಗೆ ಡಾಕ್ಟರ ಫೋನು. ಈ ಸಲವೂ ನನ್ನ ಕೈಯೆಲ್ಲ ಅಂಟು, ಈ ಸಲವೂ ಅವಳೇ ಹಿಡಿದಳು.

"ಅಮ್ಮ, ಡಿಸ್ಚಾರ್ಜ್ ಮಾಡುವಾಗ ತೆಗೆದ ರಕ್ತದ ರಿಪೋರ್ಟ್ ಬಂತು. ಆ ಟಿ-ತ್ರೀ ಹೇಳಿದ್ನಲ್ಲ, ತಾನೇ ಏರಿದೆ. ಈಗ ಸರಿಯಾಗಿದೆ. ಯಾವ ಮಾತ್ರೇನೂ ಬೇಡ. ಚೆನ್ನಾಗಿ ಊಟ ಕೊಡಿ."

"ದೇವ್ರು ದೊಡ್ಡೋನು ಡಾಕ್ಟ್ರೇ, ನೀವೂ ದೊಡ್ಡೋರು" ಅಂದೆ.

ವಾರಗಿತ್ತಿ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಿವಿ ಹತ್ತಿರ ಪಿಸುಗುಟ್ಟಿದಳು, "ಕೇಳ್ಬುಡಕ್ಕ, ನಮ್ಮೋರ್ಗಿಂತ ಜಾಸ್ತಿನಾ ಕಮ್ಮಿನಾ ಅಂತ. ಕೇಳ್ದಿದ್ರೆ ನಿಂಗೆ ಊಟ ಸೇರಲ್ಲ."

"ಥೂ, ಹೋಗೇ" ಅಂದೆ. ಆಮೇಲೆ ಕೇಳಿಯೇಬಿಟ್ಟೆ. "ಡಾಕ್ಟ್ರೇ, ಅವರ ತಮ್ಮಂದಕ್ಕಿಂತ..."

ಡಾಕ್ಟರು ನಕ್ಕುಬಿಟ್ಟರು. "ಇಬ್ಬರದ್ದೂ ನಾರ್ಮಲ್ ಅಮ್ಮ." ಒಂದು ಗಳಿಗೆ ಕಾಗದ ಸರಿಸಿದ ಸದ್ದು. "ಬೇಕೇ ಬೇಕು ಅಂದ್ರೆ, ನಿಮ್ಮೋರದ್ದು ಒಂದು ಕೂದಲೆಳೆ ಜಾಸ್ತಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಖದ ಊತ ಆಗಲೇ ಇಳಿಯುತ್ತಿತ್ತು. ಹಾಳಾದವಳು, ನಕ್ಕರೆ ಚೆನ್ನಾಗಿ ಕಾಣುತ್ತಾಳೆ. ನಾನು ನಗಲಿಲ್ಲ. ಆ ಕೂದಲೆಳೆಯನ್ನು ಅವತ್ತಿನ ಲೆಕ್ಕಕ್ಕೆ ಸಂಜೆಗೆ ಎತ್ತಿಟ್ಟುಕೊಂಡೆ.

ಗೋಣಿತಾಟಿನ ಮೇಲೆ ಹಣ್ಣನ್ನು ಎರಡು ಗುಡ್ಡೆ ಮಾಡಿದೆ. ಕಣ್ಣಳತೆಯಲ್ಲಿ ಸಮ ಇತ್ತು. ನನ್ನ ಗುಡ್ಡೆಯಿಂದ ಒಂದು ಹಿಡಿ ತೆಗೆದು ಅವಳದ್ದಕ್ಕೆ ಹಾಕಿದೆ. ಹಾಕಿದ ಮೇಲೆ, ಹಿಡಿ ಸ್ವಲ್ಪ ದೊಡ್ಡದಾಯಿತೇನೋ, ಒಂದೆರಡು ಎಸಳು ವಾಪಸ್ ತೆಗೆದುಕೊಳ್ಳಲೇ ಅನ್ನಿಸಿತು. ಕೈ ಹೋಗುವುದಕ್ಕೆ ಮೊದಲೇ ಕಲ್ಲುಪ್ಪಿನ ಬೋಗುಣಿ ಎಳೆದುಕೊಂಡು ಅವಳ ಪಾಲಿಗೇ ಮೊದಲು ಉಪ್ಪು ಬೆರೆಸಲು ಕೂತೆ.